ಜೋಳವಾಳಿಯೂ ಸಮಾಜದ ಋಣವೂ

ಸಂಬಳವನ್ನು ಪಡೆದು ಮಾಡಿದ ಕೆಲಸವು ಸೇವೆಯೆನಿಸುವುದೇ? ಈ ಪ್ರಶ್ನೆಯು ಎಲ್ಲ ವೃತ್ತಿಗಳಿಗೂ ಸಂಬಂಧಿಸಿದುದಾದರೂ ಸೈನಿಕನ ವಿಷಯದಲ್ಲಿ ವಿಶೇಷವಾದ ತೀಕ್ಷ್ಣತೆಯನ್ನು ಪಡೆಯುತ್ತದೆ. ಸೈನಿಕನನ್ನು ಕುರಿತು ಲೋಕದಲ್ಲಿ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ಆತನು ದೇವಸಮಾನನು, ಆತನ ಮುಂದೆ ಸಂಬಳದ ಮಾತನ್ನೆತ್ತುವುದೇ ಅಪಚಾರವೆಂಬುದು ಒಂದು. ಆತನೂ ಎಲ್ಲರಂತೆ ಸಂಬಳಕ್ಕೆ ದುಡಿಯುವವನು. ನಿವೃತ್ತಿವೇತನ, ಆಸ್ಪತ್ರೆ, ಕ್ಯಾಂಟೀನು ಮೊದಲಾದ ಸೌಕರ್ಯಗಳನ್ನು ಪಡೆಯುವವನು. ಆತನಿಗೆ ಬೇರೆ ಗೌರವವೇಕೆ ಎಂಬುದು ಇನ್ನೊಂದು. ಮೇಲ್ನೋಟಕ್ಕೆ ಇವು ಪರಸ್ಪರ ವಿರುದ್ಧವಾಗಿ ತೋರುತ್ತವೆ. ವಿಚಾರಿಸಿ ನೋಡಿದರೆ ಎರಡರ ಮೂಲವೂ ಒಂದೇ. ವೇತನವಿದ್ದಲ್ಲಿ ಗೌರವವು ನಿಲ್ಲದು, ಗೌರವವಿದ್ದಲ್ಲಿ ವೇತನದ ಮಾತು ಸಲ್ಲದು ಎಂಬ ಭ್ರಾಂತಿಯೇ ಆ ಮೂಲ.

ಕನ್ನಡ ನಾಡಿನ ಪೂರ್ವಿಕರಿಗೆ ಈ ಭ್ರಾಂತಿಯಿರಲಿಲ್ಲ. ಕನ್ನಡದ ಅತಿ ಪ್ರಾಚೀನ ಶಾಸನಗಳಲ್ಲಿ ಒಂದಾದ ಹಲ್ಮಿಡಿಯ ಶಾಸನವು ಸುಮಾರು ಕ್ರಿ. ಶ. 450ರದು. ಯುದ್ಧದಲ್ಲಿ ಪರಾಕ್ರಮವನ್ನು ತೋರಿದ ವಿಜಅರಸನೆಂಬ ವೀರನಿಗೆ ಹಲ್ಮಿಡಿ ಮತ್ತು ಮೂಳಿವಳ್ಳಿಗಳನ್ನು ಬಾಳ್ಗಳ್ಚಾಗಿ ಕೊಟ್ಟ ಸಂಗತಿಯನ್ನು ಅದು ಸಾರುತ್ತದೆ. ಬಾಳ್ಗಳ್ಚೆಂದರೆ ಕತ್ತಿಯನ್ನು ತೊಳೆದು ಕೊಡುವ ದಾನ. ಹೋರಾಟದಲ್ಲಿ ಮಡಿದವನ ಮನೆಯವರಿಗೆ ಭೂಮಿಯನ್ನು ಕೊಟ್ಟರೆ ಅದು ನೆತ್ತರುಗೊಡಗೆಯೆನಿಸುತ್ತಿತ್ತು. ಅದೇ ವೀರನಿಗೆ ಊರ ಮುಂದೆ ವೀರಗಲ್ಲನ್ನೂ ನಿಲ್ಲಿಸುತ್ತಿದ್ದರು. ಕಲ್ಲು ಗೌರವಕ್ಕೆ, ಭೂಮಿ ಮನೆಯವರ ಅನ್ನಕ್ಕೆ. ಕಲ್ಲನ್ನು ನಿಲ್ಲಿಸಿದೆವಾದುದರಿಂದ ಭೂಮಿ ಬೇಡವೆಂದಾಗಲಿ, ಭೂಮಿಯನ್ನು ಕೊಟ್ಟೆವಾದುದರಿಂದ ಕಲ್ಲು ಬೇಡವೆಂದಾಗಲಿ ಅವರು ವಾದಿಸಲಿಲ್ಲ.

ಯೋಧನ ಕಡೆಯಿಂದಲೂ ಒಂದು ಧರ್ಮವಿತ್ತು. ಅದಕ್ಕೆ ಜೋಳವಾಳಿಯೆಂದು ಹೆಸರು. ಉಂಡ ಜೋಳಕ್ಕೆ ತಪ್ಪದೆ ನಡೆಯುವುದೇ ಜೋಳವಾಳಿ. ಪಂಪನ ಕರ್ಣನು ತನ್ನ ಜನ್ಮದ ರಹಸ್ಯವನ್ನು ತಿಳಿದ ಮೇಲೆಯೂ ತನ್ನನ್ನು ಸಾಕಿ ಸನ್ಮಾನಿಸಿದ ದುರ್ಯೋಧನನನ್ನು ಬಿಟ್ಟು ಬರಲೊಪ್ಪಲಿಲ್ಲ. ಅನ್ನವನ್ನು ಪಡೆದುದು ಕರ್ಣನಿಗೆ ಕುಂದಾಗಲಿಲ್ಲ. ಅದಕ್ಕೆ ತಪ್ಪುವುದು ಮಾತ್ರ ಕುಂದೆಂದು ಆತನು ಬಗೆದನು. ಹೀಗೆ ವೇತನವು ನಿಷ್ಠೆಗೆ ವಿರೋಧಿಯಲ್ಲ, ನಿಷ್ಠೆಯ ಒಂದು ಬಂಧ.

ಶರಣರು ಈ ತತ್ತ್ವವನ್ನು ಒಡೆಯ ಮತ್ತು ಆಳುಗಳ ಸಂಬಂಧದಿಂದ ಮೇಲಕ್ಕೆತ್ತಿ ಸಮಸ್ತ ಜೀವನಕ್ಕೆ ಅನ್ವಯಿಸಿದರು. ಅವರ ಕಾಯಕತತ್ತ್ವದಲ್ಲಿ ಪ್ರತಿಫಲಕ್ಕೆ ನಿಷೇಧವಿಲ್ಲ. ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿ ರಾಜಸೇವೆಯಲ್ಲಿದ್ದವರು. ವಚನಕಾರರ ಸಮೂಹದಲ್ಲಿ ಜೋದರ ಮಾಯಣ್ಣನ ಹೆಸರೂ ಇದೆ, ಜೋದನೆಂದರೆ ಯೋಧನು. ಆದರೆ ಪ್ರತಿಫಲಕ್ಕೆ ಒಂದು ಮಿತಿಯನ್ನು ಶರಣರು ಹೇಳಿದರು. ಆಯ್ದಕ್ಕಿ ಮಾರಯ್ಯನು ಒಂದು ದಿನ ನಿತ್ಯದ ಪ್ರಮಾಣಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಮನೆಯೊಳಗೆ ಸೇರಿಸದೆ, ಹೆಚ್ಚಾದುದನ್ನು ಇದ್ದೆಡೆಯಲ್ಲಿಯೇ ಸುರಿದು ಬರುವಂತೆ ಪತಿಯನ್ನು ಕಳುಹಿಸಿದ ಪ್ರಸಂಗವು ಎಲ್ಲರಿಗೂ ತಿಳಿದುದಾಗಿದೆ. ಈ ಪ್ರಸಂಗದಿಂದ ಸಾಮಾನ್ಯವಾಗಿ ಪಡೆಯುವವನ ಧರ್ಮವನ್ನಷ್ಟೇ ಹೇಳುತ್ತಾರೆ. ಅದರಲ್ಲಿ ಕೊಡುವವರ ಧರ್ಮವೂ ಅಡಗಿದೆ. ಸಲ್ಲುವುದಕ್ಕಿಂತ ಹೆಚ್ಚನ್ನು ಪಡೆಯುವುದು ಹೇಗೆ ದೋಷವೋ, ಸಲ್ಲಬೇಕಾದುದನ್ನು ಕಡಿಮೆ ಮಾಡುವುದೂ ಹಾಗೆಯೇ ದೋಷವು.

ಹಾಗಾದರೆ ಸೈನಿಕನಿಗೆ ಸಲ್ಲಬೇಕಾದುದೆಷ್ಟು? 2016ರಲ್ಲಿ ಜಾರಿಗೆ ಬಂದ ಏಳನೆಯ ವೇತನ ಆಯೋಗದ ಕ್ರಮದಂತೆ ಹೊಸದಾಗಿ ಸೇರಿದ ಸಿಪಾಯಿಯ ಮೂಲವೇತನವು ತಿಂಗಳಿಗೆ 21,700 ರೂಪಾಯಿ. ಸೈನಿಕವೃತ್ತಿಯ ವಿಶೇಷ ಕಷ್ಟಕ್ಕಾಗಿ ಸೈನಿಕ ಸೇವಾ ವೇತನವೆಂದು ಇನ್ನು 5,200 ರೂಪಾಯಿ ನಿಗದಿಯಾಯಿತು. ಸಿಯಾಚಿನ್ ಹಿಮನದಿಯ ಮೇಲೆ ಕಾವಲಿರುವ ಜವಾನನ ಭತ್ಯೆಯನ್ನು 2017ರಲ್ಲಿ 14,000ದಿಂದ 30,000 ರೂಪಾಯಿಗಳಿಗೆ ಏರಿಸಲಾಯಿತು. ಈ ಅಂಕಿಗಳನ್ನು ನೋಡಿ ಸಾಕಷ್ಟಾಯಿತೆಂದು ಹೇಳುವವರೂ ಉಂಟು, ಸಾಲದೆಂದು ಹೇಳುವವರೂ ಉಂಟು. ಆದರೆ ಈ ಹಣವು ಯಾವುದಕ್ಕೆ ಕೊಟ್ಟ ಬೆಲೆ ಎಂಬುದನ್ನು ಮೊದಲು ನಿರ್ಣಯಿಸಬೇಕು.

2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ 19,000 ಅಡಿಗೂ ಮಿಕ್ಕ ಎತ್ತರದ ಠಾಣೆಯೊಂದು ಹಿಮಕುಸಿತದಲ್ಲಿ ಹೂತುಹೋಗಿ ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಯೋಧರು ಸಿಲುಕಿದರು. ಆರು ದಿನಗಳ ಮೇಲೆ ಹಿಮವನ್ನು ಕೊರೆದು ತೆಗೆದಾಗ ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ ಅವರು ಇನ್ನೂ ಉಸಿರಾಡುತ್ತಿದ್ದರು. ದೇಶವೆಲ್ಲ ಅವರಿಗಾಗಿ ಪ್ರಾರ್ಥಿಸಿತು. ಫೆಬ್ರವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಅವರು ಪ್ರಾಣಬಿಟ್ಟರು. ತಿಂಗಳ ವೇತನವು ಇಂತಹ ಪ್ರಾಣದ ಬೆಲೆಯೆಂದು ಯಾರಾದರೂ ಹೇಳಬಲ್ಲರೇ? ಪ್ರಾಣಕ್ಕೆ ಬೆಲೆಯಿಲ್ಲ. ಬೆಲೆಯಿಲ್ಲದುದನ್ನು ಯಾವನೂ ಮಾರಲಾರನು, ಯಾವ ಸರಕಾರವೂ ಕೊಳ್ಳಲಾರದು. ಆದುದರಿಂದ ವೇತನವು ಸೈನಿಕನ ಮತ್ತು ಆತನ ಸಂಸಾರದ ಯೋಗಕ್ಷೇಮಕ್ಕಾಗಿ ಸಮಾಜವು ಹೊತ್ತ ಹೊಣೆಯೇ ಹೊರತು ಆತನ ಪ್ರಾಣದ ಕ್ರಯವಲ್ಲ. ಆತನು ಒಡ್ಡಿದ ಪ್ರಾಣದ ಋಣವು ವೇತನವನ್ನು ಕೊಟ್ಟ ಮೇಲೆಯೂ ಹಾಗೆಯೇ ಉಳಿಯುತ್ತದೆ. ಹಾಗೆ ಉಳಿದ ಋಣದ ಅರಿವಿಗೇ ಗೌರವವೆಂದು ಹೆಸರು. ಗೌರವವು ವೇತನದ ಬದಲಿಗೆ ಕೊಡುವ ನಾಣ್ಯವಲ್ಲ. ಹಣದಿಂದ ತೀರದುದು ಒಂದುಂಟೆಂಬ ಒಪ್ಪಿಗೆ.

ಇಲ್ಲಿ ಇನ್ನೊಂದು ಆಕ್ಷೇಪವುಂಟು. ದಯೆಯೇ ಧರ್ಮದ ಮೂಲವೆಂದು ನಂಬಿದವರು ಶಸ್ತ್ರವನ್ನು ಹಿಡಿದವನನ್ನು ಮನ್ನಿಸುವುದು ಹೇಗೆ? ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಬಾರದು. ಕೊಲೆಯು ಎಂದಿಗೂ ಸಂತೋಷದ ವಿಷಯವಲ್ಲ. ಯುದ್ಧವನ್ನು ಬಯಸುವುದು ಶರಣಮಾರ್ಗವಲ್ಲ. ಆದರೆ ದುರ್ಬಲರ ಮನೆಗೆ ಬೆಂಕಿಯಿಡಲು ಬಂದವನನ್ನು ತಡೆಯದೆ ಸುಮ್ಮನಿರುವುದೂ ದಯೆಯೆನಿಸದು. ಸ್ವಂತದ ಕೋಪಕ್ಕೆ, ಲೋಭಕ್ಕೆ ಆಯುಧವೆತ್ತುವವನು ಹಿಂಸಕನು. ಆಜ್ಞೆಗೆ ಒಳಪಟ್ಟು, ಇತರರ ರಕ್ಷಣೆಗಾಗಿ, ಬೇಕಾದಷ್ಟೇ ಬಲವನ್ನು ಬಳಸಿ, ಸಾಕೆಂದಾಗ ನಿಲ್ಲಿಸಬಲ್ಲವನು ಯೋಧನು. 1971ರ ಯುದ್ಧದ ಕೊನೆಯಲ್ಲಿ ಸುಮಾರು 93,000 ಮಂದಿ ಸೆರೆಯಾಳುಗಳು ಭಾರತದ ವಶಕ್ಕೆ ಬಂದರು. ಅವರಿಗೆ ಅನ್ನವನ್ನೂ ಔಷಧವನ್ನೂ ಕೊಟ್ಟು ಕಾಯ್ದು, ಒಪ್ಪಂದಗಳಾದ ಮೇಲೆ ಅವರ ದೇಶಕ್ಕೆ ಕಳುಹಿಸಲಾಯಿತು. ನಿನ್ನೆ ಎದುರು ನಿಂತು ಗುಂಡು ಹಾರಿಸಿದವನಿಗೆ ಇಂದು ಊಟವನ್ನು ಬಡಿಸುವುದು ಸುಲಭವಾದ ತಪಸ್ಸಲ್ಲ. ಶಸ್ತ್ರವು ದಯೆಗೆ ಅಧೀನವಾಗಿರುವವರೆಗೆ ಮಾತ್ರ ಸೈನಿಕವೃತ್ತಿಯು ಕಾಯಕವೆನಿಸುತ್ತದೆ. ಆ ಎಲ್ಲೆಯನ್ನು ಮೀರಿದವನಿಗೆ ಸಮವಸ್ತ್ರವು ರಕ್ಷೆಯಾಗಲಾರದು; ಆತನ ತಪ್ಪನ್ನು ತಪ್ಪೆಂದು ಹೇಳುವುದರಿಂದ ಉಳಿದವರ ಗೌರವಕ್ಕೆ ಕುಂದುಂಟಾಗುವುದಿಲ್ಲ.

ಋಣವನ್ನು ಒಪ್ಪಿದ ಸಮಾಜವು ಅದನ್ನು ನಡೆಸುವ ರೀತಿಯಲ್ಲಿ ಎಡವುವುದುಂಟು. ಒಂದೇ ಪದವಿಯಲ್ಲಿ ಒಂದೇ ಅವಧಿಯ ಸೇವೆಯನ್ನು ಸಲ್ಲಿಸಿದವರಿಗೆ, ನಿವೃತ್ತರಾದ ವರ್ಷವು ಬೇರೆಯೆಂಬ ಕಾರಣದಿಂದ ನಿವೃತ್ತಿವೇತನವೂ ಬೇರೆಯಾಗಿತ್ತು. ಮಾಜಿ ಸೈನಿಕರು ಬಹುಕಾಲ ಬೇಡಿದ ಮೇಲೆ 2015ರ ನವೆಂಬರಿನಲ್ಲಿ ಸಮಾನ ಪದವಿಗೆ ಸಮಾನ ನಿವೃತ್ತಿವೇತನದ ಆಜ್ಞೆಯು ಹೊರಟಿತು. ತರುವಾಯ 2022ರ ಜೂನಿನಲ್ಲಿ ಅಗ್ನಿಪಥ ಯೋಜನೆಯು ಪ್ರಕಟವಾಯಿತು. ಅದರಂತೆ ತರುಣರು ನಾಲ್ಕು ವರ್ಷಗಳ ಅವಧಿಗೆ ಸೇನೆಯನ್ನು ಸೇರುತ್ತಾರೆ. ಅವರಲ್ಲಿ ನೂರಕ್ಕೆ 25ರವರೆಗೆ ಖಾಯಂ ಆಗಬಹುದು. ಉಳಿದವರು ಸುಮಾರು 11.71 ಲಕ್ಷ ರೂಪಾಯಿಗಳ ಸೇವಾನಿಧಿಯೊಡನೆ, ನಿವೃತ್ತಿವೇತನವಿಲ್ಲದೆ, ಮನೆಗೆ ಮರಳಬೇಕೆಂದು ಯೋಜನೆಯು ವಿಧಿಸಿತು. ಸೇನೆಯು ತಾರುಣ್ಯದಿಂದ ಕೂಡಿರಬೇಕೆಂಬುದು ಅದರ ಪರವಾದ ವಾದ. ಪ್ರಾಣಾಪಾಯವು ಸಮಾನವಾಗಿರುವಾಗ ಭದ್ರತೆಯು ಅಸಮಾನವಾಗಬಾರದೆಂಬುದು ವಿರುದ್ಧವಾದ ವಾದ. ರಾಜ್ಯನೀತಿಯ ನಿರ್ಣಯವು ಹೇಗೆಯೇ ಆಗಲಿ, ಇಪ್ಪತ್ತೈದರ ಒಳಗೆ ಊರಿಗೆ ಮರಳುವ ತರುಣನಿಗೆ ಮತ್ತೊಂದು ಕಾಯಕವನ್ನು ಒದಗಿಸುವ ಹೊಣೆಯು ಊರಿನ ಮೇಲೆಯೂ ಬೀಳುತ್ತದೆ. ಅಂಗಡಿಯುಳ್ಳವನು, ಗಿರಣಿಯುಳ್ಳವನು, ಶಾಲೆಯನ್ನು ನಡೆಸುವವನು ಇವರೆಲ್ಲ ಆ ಹೊಣೆಯಲ್ಲಿ ಪಾಲುಗಾರರು.

ಸದ್ಗೃಹಸ್ಥರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯು ಇನ್ನೊಂದಿದೆ. ವೀರಮರಣವನ್ನು ಹೊಂದಿದವನ ಶವವು ಊರಿಗೆ ಬಂದಾಗ ಸಾವಿರಾರು ಜನ ಸೇರುತ್ತಾರೆ, ಹೂಮಾಲೆಗಳು ರಾಶಿಯಾಗುತ್ತವೆ, ಜಯಘೋಷವು ಮುಗಿಲನ್ನು ಮುಟ್ಟುತ್ತದೆ. ಹದಿನಾರು ದಿನಗಳು ಕಳೆದ ಮೇಲೆ ಆ ಮನೆಯಲ್ಲಿ ಉಳಿಯುವವರು ಯಾರು? ಎಳೆಯ ವಯಸ್ಸಿನ ವಿಧವೆ, ಮುಪ್ಪಿನ ತಂದೆತಾಯಿಗಳು, ಅರಿಯದ ಮಕ್ಕಳು. ಪರಿಹಾರದ ಹಣವು ಬಂದಾಗ ಅದು ಸೊಸೆಗೋ ಅತ್ತೆಮಾವಂದಿರಿಗೋ ಎಂಬ ಕಲಹವು ಕೆಲವು ಮನೆಗಳಲ್ಲಿ ಹುಟ್ಟುತ್ತದೆ. ಸೊಸೆಯ ಕಾಲ್ಗುಣವನ್ನು ಹಳಿದು ಆಕೆಯನ್ನು ತವರಿಗೆ ಅಟ್ಟುವವರಿದ್ದಾರೆ. ಮುದುಕರನ್ನು ಮರೆತು ಹಣದೊಡನೆ ಹೊರಡುವವರೂ ಇದ್ದಾರೆ. ಎರಡೂ ಆ ವೀರನ ನೆತ್ತರಿಗೆ ಮಾಡಿದ ಅವಮಾನ. ಆ ಹಣವು ಲಾಭವಲ್ಲ, ನೆತ್ತರುಗೊಡಗೆ. ಆತನು ಬದುಕಿದ್ದರೆ ಯಾರು ಯಾರನ್ನು ಸಾಕುತ್ತಿದ್ದನೋ ಅವರೆಲ್ಲರಿಗೂ ಅದರಲ್ಲಿ ಅನ್ನವುಂಟು. ಲಕ್ಕಮ್ಮನ ತಕ್ಕಡಿಯನ್ನು ಈ ಮನೆಗಳಲ್ಲಿ ಹಿಡಿಯಬೇಕಾಗಿದೆ.

ಊರಿನ ಹಿರಿಯರು ಇಂತಹ ಮನೆಗೆ ವರ್ಷಕ್ಕೊಮ್ಮೆ ಶಾಲು ಹೊದಿಸಲು ಹೋದರೆ ಸಾಲದು. ನಿವೃತ್ತಿವೇತನದ ಕಾಗದಗಳು ಕಛೇರಿಯಲ್ಲಿ ನಿಂತಿದ್ದರೆ ವಿಧವೆಯೊಡನೆ ಹೋಗಿ ವಿಚಾರಿಸಬೇಕು. ಆಕೆಯ ಹೊಲದ ಬದುವನ್ನು ಒತ್ತಿದವನಿದ್ದರೆ ಆತನಿಗೆ ಬುದ್ಧಿ ಹೇಳಬೇಕು. ಮಗುವಿಗೆ ಪಾಠವು ತಪ್ಪದಂತೆ ನೋಡಬೇಕು. ಆಕೆಯು ಮರುವಿವಾಹಕ್ಕೆ ಮನಸ್ಸು ಮಾಡಿದರೆ ನಿಂದಿಸದೆ ಹರಸಬೇಕು. ಮಾಜಿ ಸೈನಿಕನೂ ತನ್ನ ಭಾಗದ ಧರ್ಮವನ್ನು ಮರೆಯದೆ, ಪಡೆದ ಗೌರವವನ್ನು ಅಧಿಕಾರವೆಂದೆಣಿಸದೆ, ಶಿಸ್ತು ಮತ್ತು ಸತ್ಯಗಳನ್ನು ಊರಿನ ಮಕ್ಕಳಿಗೆ ಕಲಿಸಿದರೆ ಆತನ ಕಾಯಕವು ನಿವೃತ್ತಿಯಲ್ಲಿಯೂ ನಿಲ್ಲುವುದಿಲ್ಲ.

ವೇತನವನ್ನು ಕೊಡುವುದು ರಾಜ್ಯದ ಧರ್ಮ. ಋಣವನ್ನು ನೆನೆಯುವುದು ಸಮಾಜದ ಧರ್ಮ. ಒಂದನ್ನು ತೋರಿಸಿ ಇನ್ನೊಂದನ್ನು ತಪ್ಪಿಸಿಕೊಳ್ಳುವುದು ಸಲ್ಲದು. ಗಡಿಯಲ್ಲಿ ಒಬ್ಬನು ಎಚ್ಚರವಾಗಿರುವುದರಿಂದಲೇ ಊರೊಳಗೆ ಇಷ್ಟಲಿಂಗಪೂಜೆಯು ನಿರ್ವಿಘ್ನವಾಗಿ ನಡೆಯುತ್ತದೆ. ಆ ಪೂಜೆಯಿಂದ ಎದ್ದವನು ಆತನ ಮನೆಯ ಬಾಗಿಲಿಗೆ ಹೋಗಿ ಏನು ಬೇಕೆಂದು ಕೇಳಿದರೆ ಅದೇ ದಾಸೋಹ.