ಕೋಳಿಯ ಕೂಗು, ಕೋಳಿಯ ಕುಕ್ಕು

ಶಿರಾ ಸೀಮೆಯ ಬರಗೂರಿನಲ್ಲಿ ರಾಗಿಹುಲ್ಲಿನ ಬಣವೆಯ ನೆರಳಿಗೆ ಕುಳಿತು, ಹಿತ್ತಿಲಿನ ನಾಟಿಕೋಳಿಗಳಿಗೆ ಒಂದು ಹಿಡಿ ಕಾಳು ಚೆಲ್ಲಿದೆನು. ಒಡನೆಯೇ ಕೆಂಪು ಹೇಂಟೆಯೊಂದು ಮುನ್ನುಗ್ಗಿ, ಸಂತೆಯಿಂದ ಹೊಸದಾಗಿ ಬಂದಿದ್ದ ಬಡಕಲು ಹೇಂಟೆಯ ನೆತ್ತಿಯನ್ನು ಕುಕ್ಕಿತು. ಅದು ಕತ್ತು ತಗ್ಗಿಸಿ ಬೇಲಿಯ ಮೂಲೆಗೆ ಸರಿದು, ಉಳಿದವೆಲ್ಲ ತಿಂದು ತಣಿಯುವವರೆಗೂ ಕಾದಿತು. ಅದರ ಜುಟ್ಟಿನ ಬುಡದಲ್ಲಿ ಒಂದು ಹನಿ ನೆತ್ತರು ಹೆಪ್ಪುಗಟ್ಟಿತ್ತು.

ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು, ಆಹಾರ ಕಂಡಾಗ ತನ್ನವರನ್ನು ಕೂಗುವ ಕೋಳಿಯನ್ನೇ ಮನುಷ್ಯನಿಗೆ ಆದರ್ಶವಾಗಿ ತೋರಿದರು. ನಾರ್ವೆ ದೇಶದ ಶೆಲ್ಡೆರುಪ್ ಎಬ್ಬೆ ಎಂಬ ವಿದ್ವಾಂಸನು 1922ರಲ್ಲಿ, ಕೋಳಿಗಳ ಹಿಂಡಿನೊಳಗೆ ಯಾವುದು ಯಾವುದನ್ನು ಕುಕ್ಕಬಹುದೆಂಬ ಶ್ರೇಣಿಯನ್ನು ವಿವರಿಸಿದನು. ಎರಡೂ ಸತ್ಯವೇ, ಕರೆಯುವ ಕೊಕ್ಕೇ ಕುಕ್ಕುವ ಕೊಕ್ಕು. ಸಹಜವಾದುದೆಲ್ಲವೂ ಧರ್ಮವೆಂದು ವಾದಿಸಿ, ಮನುಷ್ಯರ ಮೇಲುಕೀಳುಗಳಿಗೂ ಕೋಳಿಗಳ ಈ ಶ್ರೇಣಿಯನ್ನೇ ಪ್ರಮಾಣವಾಗಿ ಒಡ್ಡುವವರ ಮಾತನ್ನು ನಾನು ಸರ್ವಥಾ ಒಪ್ಪಲಾರೆನು. ಕೋಳಿಗೆ ವಿವೇಚನೆಯ ಹೊಣೆಯಿಲ್ಲ, ಸಾಕಿದವನಿಗೆ ಉಂಟು.

ಪೆಟ್ಟು ತಿಂದ ಕೋಳಿಯನ್ನು ಅಡಗಿಸಿಡುವುದು ನಮ್ಮ ರೂಢಿ. ಅದು ತಪ್ಪು, ಪೀಡಿಸುವ ಕೋಳಿಯನ್ನೇ ಕೆಲವು ದಿನ ಬೇರಿರಿಸಿದರೆ, ಮರಳಿ ಬಂದಾಗ ಅದರ ಹಳೆಯ ಅಧಿಕಾರ ಬಹುಮಟ್ಟಿಗೆ ಸಡಿಲವಾಗಿರುತ್ತದೆ. ನೆತ್ತರಿನ ಕೆಂಪು ಮತ್ತಷ್ಟು ಕುಕ್ಕನ್ನು ಬರಮಾಡುವುದರಿಂದ ಗಾಯಕ್ಕೆ ಅರಿಸಿನ ಮೆತ್ತಿದೆವು. ಕಾಳನ್ನು ಮೂರು ಕಡೆ ಚೆಲ್ಲಿದೆವು. ಕೆಂಪು ಹೇಂಟೆಯನ್ನು ಮಂಕರಿಯಡಿ ಕವುಚಿ, ನೀರುಕಾಳು ಕೊಟ್ಟು, ನಾಲ್ಕು ದಿನ ಇರಿಸಿದೆವು.

ಐದನೆಯ ದಿನ ಮಂಕರಿ ಎತ್ತಿದಾಗ, ಬಡಕಲು ಹೇಂಟೆಯು ಹಿಂಡಿನ ನಡುವೆಯೇ ನಿಂತು ರಾಗಿ ಹೆಕ್ಕುತ್ತಿದ್ದಿತು.