ಬೇಡದವನಿಗೂ ಕ್ಷಮೆ

ಭಾದ್ರಪದ ಶುಕ್ಲ ಪಂಚಮಿಯಂದು ದಶಲಕ್ಷಣ ಪರ್ವವು ಉತ್ತಮ ಕ್ಷಮೆಯಿಂದ ಆರಂಭವಾಗುತ್ತದೆ. ನೋಯಿಸಿದವನು ಬಂದು ಕ್ಷಮೆ ಬೇಡದಿರುವಾಗ ಕ್ಷಮಿಸುವುದೆಂತೆಂದು ಶ್ರಾವಕನ ಮನಸ್ಸು ಹಿಂಜರಿಯುತ್ತದೆ. ಭಗವಾನ್ ಪಾರ್ಶ್ವನಾಥರ ಪೂರ್ವಭವಗಳೇ ಇದಕ್ಕೆ ಉತ್ತರ.

ಅಣ್ಣ ಕಮಠನ ದ್ರೋಹಕ್ಕೆ ಬಲಿಯಾದ ಮರುಭೂತಿಯು ಆರ್ತಧ್ಯಾನದಿಂದ ಮಡಿದು ವಜ್ರಘೋಷವೆಂಬ ಆನೆಯಾಗಿ ಹುಟ್ಟಿದನು. ಕಮಠನು ಪಶ್ಚಾತ್ತಾಪಪಡಲಿಲ್ಲ; ಆನೆಯು ಅದಕ್ಕಾಗಿ ಕಾಯಲೂ ಇಲ್ಲ. ಅರವಿಂದ ಮುನಿಗಳ ಉಪದೇಶದಿಂದ ಶ್ರಾವಕವ್ರತಗಳನ್ನು ಸ್ವೀಕರಿಸಿ, ಉದುರಿದ ಒಣ ಎಲೆಗಳನ್ನು ತಿಂದು, ಮನಸ್ಸನ್ನು ಶಾಂತಗೊಳಿಸಿತು. ಕುಕ್ಕುಟಸರ್ಪವಾಗಿ ಹುಟ್ಟಿದ ಕಮಠನು ಕಚ್ಚಿದಾಗಲೂ ಸಮಭಾವದಿಂದ ದೇಹವನ್ನು ತ್ಯಜಿಸಿ ಸಹಸ್ರಾರ ಸ್ವರ್ಗವನ್ನು ಪಡೆಯಿತು. ಕಮಠನ ಜೀವವು ಶಂಬರದೇವನಾಗಿ ವೈರವನ್ನು ಬಿಟ್ಟದ್ದು ಎಷ್ಟೋ ಭವಗಳ ಬಳಿಕ.

ಪರರ ಪಶ್ಚಾತ್ತಾಪವು ಪರರ ಅಧೀನ. ತನ್ನ ಕಷಾಯದ ಉಪಶಮವು ತನ್ನ ಅಧೀನ. ಅನ್ನವನ್ನು ಬಿಟ್ಟು ವೈರವನ್ನು ಉಣ್ಣುವವನ ಉಪವಾಸವು ಫಲಿಸದು.