ದುರಸ್ತಿಯ ಧರ್ಮ

ಮನೆಯಲ್ಲಿ ಒಂದು ವಸ್ತು ಕೆಟ್ಟಾಗ ಅದರ ಒಡೆಯನ ಮುಂದೆ ಮೂರು ದಾರಿಗಳಿರುತ್ತವೆ: ಎಸೆಯುವುದು, ಬೇರೆಯವರಿಂದ ಸರಿಮಾಡಿಸುವುದು, ತಾನೇ ಸರಿಮಾಡುವುದು. ಇವುಗಳಲ್ಲಿ ಯಾವುದು ಲಾಭಕರವೆಂಬುದು ಲೆಕ್ಕದ ಪ್ರಶ್ನೆ. ಯಾವುದು ಯೋಗ್ಯವೆಂಬುದು ನೀತಿಯ ಪ್ರಶ್ನೆ. ಮೊದಲನೆಯದನ್ನು ನಾವು ದಿನವೂ ಕೇಳಿಕೊಳ್ಳುತ್ತೇವೆ, ಎರಡನೆಯದನ್ನು ಕೇಳಿಕೊಳ್ಳುವುದು ಅಪರೂಪ. ನಳ, ಬಾಗಿಲು, ಗೋಡೆ, ಸೈಕಲ್ಲುಗಳಿಗೂ ಧರ್ಮಾಧರ್ಮ ವಿಚಾರಕ್ಕೂ ಏನು ಸಂಬಂಧವೆಂದು ಸಹೃದಯ ಓದುಗರು ಕೇಳಬಹುದು. ಉಮರ್ಗಾ, ನಿಲಂಗಾ, ಉದಗೀರ ಪರಿಸರದಲ್ಲಿ ಬಾಳಿದವರಿಗೆ ಆ ಸಂಬಂಧವನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೋಡೆಯ ದುರಸ್ತಿ ಪ್ರಾಣದ ಪ್ರಶ್ನೆಯೂ ಆಗಬಲ್ಲದೆಂಬುದನ್ನು ಈ ನೆಲ ಒಂದು ನಸುಕಿನಲ್ಲಿ ಕಲಿತಿದೆ.

ಚಿಕ್ಕದರಿಂದಲೇ ಆರಂಭಿಸೋಣ. ಅಡಿಗೆಮನೆಯ ನಳ ಸೋರುತ್ತಿದೆ. ಸೆಕೆಂಡಿಗೆ ಒಂದೇ ಹನಿ ಎಂದಿಟ್ಟುಕೊಳ್ಳಿ. ದಿನಕ್ಕೆ 86,400 ಹನಿಗಳು. ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೂ ದಿನಕ್ಕೆ ನಾಲ್ಕು ಲೀಟರಿಗೆ ಮೀರಿ, ವರ್ಷಕ್ಕೆ ಒಂದೂವರೆ ಸಾವಿರ ಲೀಟರಿಗೆ ಮೀರಿ ನೀರು ಮೋರಿಯ ಪಾಲು. ಇದಕ್ಕೆ ಬೇಕಾದ ಮದ್ದು ಕೆಲವೇ ರೂಪಾಯಿಯ ಒಂದು ರಬ್ಬರ್ ವಾಶರ್, ಒಂದು ಪಾನಾ, ಹತ್ತು ನಿಮಿಷದ ಬಿಡುವು. 2016ರ ಏಪ್ರಿಲ್ ತಿಂಗಳಲ್ಲಿ ಮಿರಜದಿಂದ ಲಾತೂರಿಗೆ ರೈಲಿನಲ್ಲಿ ನೀರು ತಂದುದನ್ನು ನಾವೆಲ್ಲ ಬಲ್ಲೆವು. ಮೊದಲ ಗಾಡಿಯಲ್ಲಿ ಬಂದದ್ದು ಹತ್ತು ಟ್ಯಾಂಕರುಗಳಲ್ಲಿ ಐದು ಲಕ್ಷ ಲೀಟರ್. ಸೋರುವ ಮುನ್ನೂರೈವತ್ತು ನಳಗಳು ಒಂದು ವರ್ಷದಲ್ಲಿ ಅಷ್ಟು ನೀರನ್ನು ಸದ್ದಿಲ್ಲದೆ ಕಳೆಯುತ್ತವೆ. ಹೀಗಿರುವಾಗ ಸೋರುವ ನಳವನ್ನು ನೋಡಿಯೂ ನೋಡದಂತೆ ಇರುವುದು ಕೇವಲ ಸೋಮಾರಿತನವೆನಿಸದು. ಅದು ನೆರೆಯವನ ಕೊಡಕ್ಕೆ ಕೈಹಾಕಿದಂತೆ.

ಇಷ್ಟು ಸುಲಭದ ಕೆಲಸವನ್ನು ಕಲಿತವರೆನಿಸಿಕೊಂಡ ನಾವು ಮಾಡುವುದಿಲ್ಲವೇಕೆ? ಸಮಯವಿಲ್ಲವೆಂಬುದು ಮೇಲಿನ ಕಾರಣ. ಕೈಗೆ ಎಣ್ಣೆ, ಮಣ್ಣು, ತುಕ್ಕು ಹತ್ತುವ ಕೆಲಸ ಕೀಳೆಂಬ ಭಾವನೆ ಒಳಗಿನ ಕಾರಣ. ಈ ಭಾವನೆಯ ಬೇರು ನಮ್ಮ ಜಾತಿವ್ಯವಸ್ಥೆಯಲ್ಲಿದೆ. ಬಡಿಗ, ಕಮ್ಮಾರ, ಕುಂಬಾರ ಮೊದಲಾದ ಆಯಗಾರರು, ಮರಾಠಿಯಲ್ಲಿ ಬಲುತೆದಾರರು, ಊರಿನ ಒಕ್ಕಲುತನವನ್ನು ನಡೆಸಿಕೊಟ್ಟರು. ಸುಗ್ಗಿಯಲ್ಲಿ ಅವರಿಗೆ ಕಾಳಿನ ಪಾಲು ಸಿಕ್ಕಿತು, ಪಂಕ್ತಿಯಲ್ಲಿ ಮಾತ್ರ ಸಮಾನ ಸ್ಥಾನ ಸಿಗಲಿಲ್ಲ. ಉಮರ್ಗಾದಿಂದ ಬಹು ದೂರವಿಲ್ಲದ ಕಲ್ಯಾಣದಲ್ಲಿ 12ನೆಯ ಶತಮಾನದ ಶರಣರು ಪ್ರಶ್ನಿಸಿದ್ದು ಇದನ್ನೇ. ನುಲಿಯ ಚಂದಯ್ಯ ಹಗ್ಗ ಹೊಸೆದ, ಮೇದಾರ ಕೇತಯ್ಯ ಬುಟ್ಟಿ ಹೆಣೆದ, ಸೂಜಿಕಾಯಕದ ರಾಮಿತಂದೆ ಬಟ್ಟೆ ಹೊಲಿದ. ಅವರ ಹೆಸರಿಗೆ ಅವರ ಕೆಲಸವೇ ಬಿರುದಾಯಿತು. ಅದೇ ಮಣ್ಣಿನ ನೆರೆಯವರಾದ ನಾವು ಕಾಯಕದ ಮೇಲೆ ಗಂಟೆಗಟ್ಟಲೆ ಭಾಷಣ ಮಾಡಿ ಮನೆಗೆ ಬಂದು, ಸಡಿಲಾದ ಕದದ ಕೀಲಿಗೆ ಎರಡು ತಿರುಪು ಬಿಗಿಯಲು ಇನ್ನೊಬ್ಬರ ದಾರಿ ಕಾಯುತ್ತೇವೆ.

ಗಾಂಧೀಜಿಯವರು 1937ರಲ್ಲಿ ವರ್ಧಾದಲ್ಲಿ ಮೂಲಶಿಕ್ಷಣದ ವಿಚಾರವನ್ನು ಮುಂದಿಟ್ಟಾಗ ಕೈಕಸಬನ್ನು ಪಾಠದ ಕೊನೆಯ ತಾಸಿಗೆ ತಳ್ಳಲಿಲ್ಲ, ಪಾಠದ ನಡುವೆಯೇ ಇರಿಸಿದರು. ಕೈ ಕಲಿಯದೆ ಬುದ್ಧಿ ಪೂರ್ತಿಯಾಗಿ ಕಲಿಯದೆಂಬುದು ಅದರ ತಿರುಳು. ದಶಕಗಳ ಕಾಲ ಶಾಲೆಗಳಲ್ಲಿ ಕಳೆದ ನನಗೆ ಈ ಮಾತಿನ ಸತ್ಯ ಪದೇಪದೇ ಕಂಡಿದೆ. ಅಲುಗಾಡುವ ಬೆಂಚಿನ ಕಾಲಿಗೆ ಬೆಣೆ ಹೊಡೆದ ಹುಡುಗ ಮತ್ತೆ ಬೆಂಚಿನ ಮೇಲೆ ಕುಣಿಯುತ್ತಿರಲಿಲ್ಲ. ಯಾರೂ ಹೇಳದೆ ಇತರರನ್ನೂ ಕುಣಿಯಗೊಡುತ್ತಿರಲಿಲ್ಲ.

ಇಲ್ಲಿ ನ್ಯಾಯವಾದ ಒಂದು ಆಕ್ಷೇಪವಿದೆ. ಎಲ್ಲರೂ ತಮ್ಮ ಕೆಲಸವನ್ನು ತಾವೇ ಮಾಡಿಕೊಂಡರೆ ಗೌಂಡಿ, ಬಡಿಗ, ನಳದ ಕೆಲಸದವನು ಉಣ್ಣುವುದೇನು? ದುಡ್ಡಿದ್ದವನು ನಾಲ್ಕು ರೂಪಾಯಿ ಉಳಿಸಲು ಬಡವನ ಕೂಲಿ ತಪ್ಪಿಸುವುದು ಧರ್ಮವೇ? ಇದನ್ನು ಹಗುರಾಗಿ ತಳ್ಳಿಹಾಕಲಾಗದು. ಆದರೆ ವಾಸ್ತವದಲ್ಲಿ ಒಬ್ಬ ಗೌಂಡಿ ಬರೇ ಒಂದು ವಾಶರಿಗಾಗಿಯೋ ಒಂದು ಮೊಳೆಗಾಗಿಯೋ ತನ್ನ ದಿನವನ್ನು ಕೆಡಿಸಿಕೊಂಡು ಬರಲು ಬಯಸುವುದಿಲ್ಲ. ಅವನ ವಿದ್ಯೆಗೆ ತಕ್ಕ ಕೆಲಸವನ್ನೇ ಅವನಿಗೆ ಕೊಡಬೇಕು. ಕೊಟ್ಟಾಗ ಚೌಕಾಶಿ ಮಾಡದೆ ಕೂಲಿ ಕೊಡಬೇಕು. ಒಮ್ಮೆಯಾದರೂ ಥಾಪಿ ಹಿಡಿದು ಒಂದು ಮಾರು ಗಿಲಾವು ಮಾಡಲು ಹೊರಟವನಿಗೆ, ಗೋಡೆಯನ್ನು ಸಮನಾಗಿಸುವ ಕೈಗೆ ಎಷ್ಟು ವರ್ಷಗಳ ಅಭ್ಯಾಸ ಬೇಕೆಂಬುದು ತಿಳಿದೀತು. ಅಂಥವನು ಗೌಂಡಿಯ ಕೂಲಿಯನ್ನು ಹೆಚ್ಚೆಂದು ಹೇಳಲಾರ. ಸ್ವತಃ ಕೆಲಸ ಮಾಡುವುದರ ದೊಡ್ಡ ಫಲ ಉಳಿತಾಯಕ್ಕಿಂತ ಈ ಗೌರವವೇ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ದುರಸ್ತಿ ಮಾಡುವ ಮನಸ್ಸಿದ್ದರೆ ಸಾಕೇ? ಸಾಲದು. ನಮ್ಮ ಭಾಗದ ಹಳೆಯ ಮಾಳಿಗೆ ಮನೆಗಳನ್ನು ನೆನೆಯಿರಿ. ಎರಡು ಅಡಿಗೂ ದಪ್ಪನಾದ ಕಲ್ಲು-ಮಣ್ಣಿನ ಗೋಡೆ, ತೊಲೆಗಳ ಮೇಲೆ ಹಲಗೆ, ಅದರ ಮೇಲೆ ಮಣ್ಣು. ಮಳೆಗಾಲಕ್ಕೆ ಮೊದಲು ಮನೆಯವರೇ ಮಾಳಿಗೆ ಹತ್ತಿ, ಸೋರುವ ಕಡೆ ಹೊಸ ಮಣ್ಣು ಹಾಕಿ ಬಡಿಯುತ್ತಿದ್ದರು. ಅದು ಶ್ರದ್ಧೆಯ ಕೆಲಸ. ತಾತ ಮಾಡಿದ್ದನ್ನು ಮಗ, ಮಗ ಮಾಡಿದ್ದನ್ನು ಮೊಮ್ಮಗ ಮಾಡಿದ. ಹಳೆಯ ಮಣ್ಣನ್ನು ತೆಗೆಯದೆ ಹೊಸ ಮಣ್ಣನ್ನು ಹಾಕುತ್ತ ಹೋದುದರಿಂದ ಎಷ್ಟೋ ಮನೆಗಳಲ್ಲಿ ತಲೆಯ ಮೇಲಿನ ಹೊರೆ ಒಂದೂವರೆ, ಎರಡು ಅಡಿಗೆ ಏರಿತು. ಗೋಡೆಯಾದರೋ ಹೊರಮೈ ಒಂದು, ಒಳಮೈ ಒಂದು. ನಡುವೆ ಜಲ್ಲಿ, ಮಣ್ಣು. ಎರಡನ್ನೂ ಹಿಡಿದಿಡುವ ಉದ್ದನೆಯ ಅಡ್ಡಗಲ್ಲುಗಳು ಬಹಳಷ್ಟು ಗೋಡೆಗಳಲ್ಲಿ ಇರಲಿಲ್ಲ.

1993ರ ಸೆಪ್ಟೆಂಬರ್ 30ರಂದು ಬೆಳಗಿನ ಜಾವ ನಾಲ್ಕು ಗಂಟೆಗೆ ತುಸು ಮೊದಲು ಭೂಮಿ ನಡುಗಿತು. ಕಿಲ್ಲಾರಿ, ಆಗ ಉಮರ್ಗಾ ತಾಲ್ಲೂಕಿನಲ್ಲಿದ್ದ ಸಾಸ್ತೂರ, ಸುತ್ತಲಿನ ಹತ್ತಾರು ಊರುಗಳು ಮಣ್ಣಾದವು. ಎಂಟು ಸಾವಿರದಷ್ಟು ಜನ ಸತ್ತರೆಂದು ಸರಕಾರದ ಲೆಕ್ಕವೇ ಹೇಳುತ್ತದೆ. ಕೆಲವೇ ತಿಂಗಳ ನಂತರ, 1994ರ ಜನವರಿಯಲ್ಲಿ, ಅಮೆರಿಕದ ಲಾಸ್ ಏಂಜಲೀಸ್ ಬಳಿ ಇದಕ್ಕಿಂತ ಬಲವಾದ ಭೂಕಂಪವಾಯಿತು. ಅಲ್ಲಿ ಸತ್ತವರು ಸುಮಾರು ಅರವತ್ತು ಜನ. ಕೊಂದದ್ದು ಬರಿಯ ಭೂಮಿಯ ನಡುಕವಾಗಿರಲಿಲ್ಲ. ತಲೆಯ ಮೇಲಿನ ಹೊರೆ ಮತ್ತು ಬಿಗಿಯಿಲ್ಲದ ಗೋಡೆ. ಇಲ್ಲಿಯೇ ಕೆಲವು ಕಡೆ ಮರದ ಕಂಬಗಳ ಮೇಲೆ ನಿಂತ ಮಾಳಿಗೆ ಉಳಿಯಿತು; ಗೋಡೆ ಬಿದ್ದರೂ ಒಳಗಿನವರು ಬದುಕಿದರು.

ಸತ್ತವರನ್ನು ದೂಷಿಸಲು ಇದನ್ನು ಹೇಳುತ್ತಿಲ್ಲ. ಅವರಿಗೆ ಈ ಸಂಗತಿಯನ್ನು ಯಾರೂ ತಿಳಿಸಿರಲಿಲ್ಲ. ತಿಳಿದವರು ತಿಳಿಸದಿದ್ದುದರ ಹೊಣೆ ತಿಳಿದವರದು. ಆದರೆ ತಿಳಿದ ಮೇಲೆ ಹೊಣೆ ನಮ್ಮ ಕೈಗೆ ದಾಟುತ್ತದೆ. ಭೂಕಂಪದ ನಂತರ ಪೂರ್ತಿ ಹಾಳಾದ ಊರುಗಳಿಗೆ ಹೊಸ ವಸತಿಗಳನ್ನು ಕಟ್ಟಿದರು. ಬಿರುಕು ಬಿಟ್ಟು ನಿಂತಿದ್ದ ಎರಡು ಲಕ್ಷದಷ್ಟು ಮನೆಗಳ ದುರಸ್ತಿ ಮತ್ತು ಬಲವರ್ಧನೆಯನ್ನು, ಸರಕಾರದ ನೆರವಿನೊಡನೆ, ಬಹುಪಾಲು ಮನೆಯವರೇ ಮುಂದೆ ನಿಂತು ಮಾಡಿಸಬೇಕಾಯಿತು. ಹಳ್ಳಿಗಳಲ್ಲಿ ‘ಸಂವಾದ ಸಹಾಯಕ’ರೆಂದು ನೇಮಕಗೊಂಡ ಸ್ತ್ರೀಯರು ಮನೆಮನೆಗೆ ಹೋಗಿ ವಿಷಯ ತಿಳಿಸಿದರು. ಮಾಳಿಗೆಯ ಮಣ್ಣಿನ ಹೊರೆ ಇಳಿಸುವುದು. ಗೋಡೆ ಅದುರದಂತೆ ಜಾಗರೂಕತೆಯಿಂದ ರಂಧ್ರ ಮಾಡಿ, ಕೊಕ್ಕೆಯ ಸರಳು ಇಟ್ಟು, ಕಾಂಕ್ರೀಟು ತುಂಬಿ ಎರಡೂ ಮೈಗಳನ್ನು ಕಟ್ಟುವುದು. ಕಂಬ-ತೊಲೆ ಕೂಡುವಲ್ಲಿ ಓರೆ ಆಸರೆ ಕೊಡುವುದು. ಇವು ಹೊರಗಿನಿಂದ ಎದ್ದು ಕಾಣುವ ಕೆಲಸಗಳಲ್ಲ. ಬಿರುಕಿಗೆ ಸಿಮೆಂಟು ಸವರಿ ಸುಣ್ಣ ಬಳಿದರೆ ಗೋಡೆ ಹೆಚ್ಚು ಅಂದವಾಗಿ ಕಾಣುತ್ತದೆ. ನೋಟಕ್ಕೆ ಎರಡೂ ಗೋಡೆಗಳು ಒಂದೇ. ಅವುಗಳ ನಡುವಿನ ಅಂತರ ಇನ್ನೊಂದು ನಡುಕದ ದಿನ ತಿಳಿಯುತ್ತದೆ.

ಇದರಿಂದ ನನಗೆ ಹೊಳೆಯುವ ನೀತಿ ಇಷ್ಟು: ಬಿರುಕು ಮನೆಯ ಮಾತು. ಅದನ್ನು ಕೇಳಿ ಕಾರಣ ಹುಡುಕುವುದು ದುರಸ್ತಿ. ಅದರ ಬಾಯಿ ಮುಚ್ಚಿಸುವುದು ಮೋಸ. ವಿದ್ಯುತ್ತಿನ ಫ್ಯೂಜನ್ನೇ ನೋಡಿ. ಮಿತಿಮೀರಿದ ಪ್ರವಾಹ ಹರಿದಾಗ ತಾನು ಕರಗಿ ಮನೆಯನ್ನು ಉಳಿಸುವುದು ಅದರ ಕಾಯಕ. ಮೇಲಿಂದ ಮೇಲೆ ಹೋಗುತ್ತದೆಂದು ಬೇಸತ್ತು ಅದರ ಜಾಗದಲ್ಲಿ ದಪ್ಪ ತಂತಿ ಸುತ್ತುವವರಿದ್ದಾರೆ. ದೀಪ ಹತ್ತುತ್ತದೆ, ಜಾಣತನ ಸಾಬೀತಾದಂತೆ ತೋರುತ್ತದೆ. ನಿಜವಾಗಿ ಅವರು ಮನೆಯ ಕಾವಲುಗಾರನ ಬಾಯಿಗೆ ಬಟ್ಟೆ ತುರುಕಿದ್ದಾರೆ. ಮುಂದೆ ಕಾಯುವುದು ಗೋಡೆಯೊಳಗಿನ ತಂತಿ.

ಹಾಗಾದರೆ ಸ್ವಂತ ಕೈಗೆ ಗಡಿ ಎಲ್ಲಿ? ನಾನು ಹೀಗೆ ಗೆರೆ ಎಳೆಯುತ್ತೇನೆ. ತಪ್ಪಿದರೆ ಅದರ ಫಲವನ್ನು ನಾನೊಬ್ಬನೇ ಉಣ್ಣುವಂತಿದ್ದರೆ ಧೈರ್ಯದಿಂದ ಮಾಡಬೇಕು: ನಳದ ವಾಶರು, ಕುರ್ಚಿಯ ಕಾಲು, ಸೈಕಲ್ಲಿನ ಪಂಕ್ಚರು, ಬಾಗಿಲಿನ ಕಿರುಗುಟ್ಟುವಿಕೆ. ತಪ್ಪಿನ ಫಲ ಬೇರೆಯವರ ಮೇಲೆ ಬೀಳುವಂತಿದ್ದರೆ ಬಲ್ಲವರನ್ನು ಕರೆಯಬೇಕು: ಮೋಟಾರಿನ ಬ್ರೇಕು, ಗ್ಯಾಸಿನ ನಳಿಗೆ, ವಿದ್ಯುತ್ ಜೋಡಣೆ, ಹೊರೆ ಹೊತ್ತ ಗೋಡೆ. ನನ್ನ ಧೈರ್ಯಕ್ಕೆ ದಾರಿಹೋಕನ ಪ್ರಾಣವನ್ನು ಪಣವಿಡುವ ಅಧಿಕಾರ ನನಗಿಲ್ಲ. ಕರೆದ ಮೇಲೆಯೂ ಪಕ್ಕದಲ್ಲಿ ನಿಂತು ನೋಡಿ, ಕೇಳಿ ಕಲಿಯಬೇಕು.

ಸಂಘದ ಬಾಂಧವರಾದ ನಮಗೆ ಇನ್ನೊಂದು ಮಾತೂ ಉಂಟು. ನಿಲಂಗಾ, ಉದಗೀರ ತಾಲ್ಲೂಕುಗಳು 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದವು. ರಾಜ್ಯದ ಗಡಿ ಸರಿಯಿತು, ಮನೆಯೊಳಗಿನ ಮಾತು ಉಳಿಯಿತು. ಆ ಮಾತು ಉಳಿದದ್ದು ಪುಸ್ತಕದಿಂದಷ್ಟೇ ಅಲ್ಲ, ಕೆಲಸದಿಂದ. ಬಾಚಿ, ಉಳಿ, ಗರಗಸ, ಬೆಣೆ, ತೊಲೆ, ಅಗುಳಿ: ಈ ಶಬ್ದಗಳನ್ನು ನಾವು ನಿಘಂಟಿನಿಂದ ಕಲಿತವರಲ್ಲ, ‘ಆ ಉಳಿ ಕೊಡು ತಮ್ಮಾ’ ಎಂದು ಯಾರೋ ಕೈ ಚಾಚಿದಾಗ ಕಲಿತೆವು. ಕೆಲಸ ಕೈಬಿಟ್ಟರೆ ಶಬ್ದ ನಾಲಗೆ ಬಿಡುತ್ತದೆ. ನಮ್ಮ ಮೊಮ್ಮಕ್ಕಳು ಶಾಲೆಯಲ್ಲಿ ಮರಾಠಿಯನ್ನೋ ಇಂಗ್ಲಿಷನ್ನೋ ಚೆನ್ನಾಗಿ ಕಲಿಯಲಿ. ರಜೆಯಲ್ಲಿ ಮನೆಯ ಕದದ ಅಗುಳಿಯನ್ನು ಅಜ್ಜನೊಡನೆ ಕುಳಿತು ಸರಿಮಾಡುವಾಗ ಕನ್ನಡವನ್ನು ಕಲಿಯಲಿ. ವರ್ಷಕ್ಕೊಂದು ಸಮ್ಮೇಳನ ಭಾಷೆಗೆ ಬಳಿಯುವ ಸುಣ್ಣವಾಗದಿರಲಿ. ಎರಡು ತಲೆಮಾರುಗಳೆಂಬ ಎರಡು ಮೈಗಳನ್ನು ಒಂದಾಗಿ ಹಿಡಿಯುವ ಅಡ್ಡಗಲ್ಲುಗಳು ಪ್ರತಿ ಮನೆಯಲ್ಲೂ ಬೇಕು.

ಆದ್ದರಿಂದ ಸದಸ್ಯ ಬಾಂಧವರಲ್ಲಿ ನನ್ನ ವಿನಂತಿ ಸರಳವಾದುದು. ಮನೆಯಲ್ಲಿ ಒಂದು ಪಾನಾ, ಒಂದು ಇಕ್ಕಳ, ಒಂದು ಸುತ್ತಿಗೆ, ನಾಲ್ಕು ವಾಶರು ಇರಲಿ. ಮಳೆಗಾಲಕ್ಕೆ ಮೊದಲು ಒಂದು ದಿನ ಮಕ್ಕಳನ್ನು, ಹೆಣ್ಣುಮಕ್ಕಳು ಗಂಡುಮಕ್ಕಳೆನ್ನದೆ, ಜೊತೆಗೆ ಕರೆದುಕೊಂಡು ಗೋಡೆಗಳ ಸುತ್ತ ನಡೆಯಿರಿ. ಎಲ್ಲಿ ಬಿರುಕು ಕಂಡರೂ ಸುಣ್ಣದ ಡಬ್ಬಿ ತೆರೆಯುವ ಮೊದಲು ಅದು ಏಕೆ ಬಂತೆಂದು ಕೇಳಿಕೊಳ್ಳಿರಿ.